ಏಳನೇ ನಂಬರಿನ ಕೂದಲು

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣವಾದದ್ದು ಅಂಗೈಯಗಲದ ಒಂದು ಆಮಂತ್ರಣ ಪತ್ರಿಕೆ. ಎಲುಬಣ್ಣ ಅದನ್ನು ನಾಲ್ಕು ದಿನದಿಂದ ಅಂಗಿಯ ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ. ಹರಿದು ಎಸೆಯೋಣವೆಂದರೆ ಆಫೀಸಿನ ಕಾಗದ, ಮನೆಯಲ್ಲಿ ಕೊಡೋಣವೆಂದರೆ ಜೀವಭಯ. ಐದನೆಯ ದಿನ ಬೆಳಿಗ್ಗೆ ಒಗೆಯಲು ಅಂಗಿ ಎತ್ತಿಕೊಂಡ ಹೆಂಡತಿ ಜೇಬು ತಡಕಿದಳು. ಆ ಮನೆಯಲ್ಲಿ ಅಂಗಿ ನೀರು ಕಾಣುವ ಮುಂಚೆ ತಪಾಸಣೆಗೆ ಒಳಗಾಗುವುದು ಎಂಟು ತಿಂಗಳಿಂದ ನಡೆದುಬಂದ ಕ್ರಮ.

"ಇದೇನ್ರೀ ಇದು?" ಎಂದು ಅವಳು ಓದತೊಡಗಿದಳು. "ಇವತ್ತು ಸಂಜೆ ಐದು ಗಂಟೆಗೆ ಸಿಬ್ಬಂದಿಯ ಮನೆಯವರೆಲ್ಲ ಪ್ರಯೋಗಾಲಯ ನೋಡೋಕೆ ಬರಬೇಕಂತೆ. ಹಳೇ ಎಲುಬುಗಳ ಜೊತೆಗೆ ಸಿಬ್ಬಂದಿಯ ಕೂದಲನ್ನೂ ಪರೀಕ್ಷೆ ಮಾಡಿ, ಕಳೆದ ಮೂರು ತಿಂಗಳಲ್ಲಿ ಯಾರು ಏನು ತಿಂದಿದ್ದಾರೆ ಅಂತ ತೋರಿಸ್ತಾರಂತೆ."

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಎರಡನೆಯ ಸಲ ಓದುವಾಗ ಕಾಗದ ನೋಡಲಿಲ್ಲ, ಗಂಡನ ಮುಖ ನೋಡಿದಳು.

ಎಲುಬಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಳೆಯ ಅಸ್ಥಿಪಂಜರಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಆತ ಎಲುಬು ತೊಳೆಯುವವ. ಸಾವಿರಾರು ವರ್ಷ ಮಣ್ಣಿನಡಿ ಮಲಗಿದ್ದ ತಲೆಬುರುಡೆ, ತೊಡೆಮೂಳೆ, ಹಲ್ಲುಗಳೆಲ್ಲ ಮೊದಲು ಅವನ ಬ್ರಷ್ಷಿನ ಕೆಳಗೆ ಮುಖ ತೊಳೆದುಕೊಂಡೇ ಮುಂದೆ ಹೋಗಬೇಕು. ಅಲ್ಲಿಂದಾಚೆಗೆ ಓದಿದವರ ಕೆಲಸ. ಕಿವಿಯ ಹತ್ತಿರದ ಗಟ್ಟಿ ಮೂಳೆಯನ್ನು ಕೊರೆದು, ಸತ್ತವನ ಪೂರ್ವಿಕರು ಯಾವ ದಿಕ್ಕಿನಿಂದ ಬಂದವರು ಎಂದು ಹೇಳುತ್ತಾರೆ. ಪಕ್ಕೆಲುಬಿನ ಚೂರನ್ನು ಯಂತ್ರಕ್ಕೆ ಕೊಟ್ಟು, ಆತ ಬದುಕಿದ್ದಾಗ ಕಾಳು ತಿಂದನೋ ಮಾಂಸ ತಿಂದನೋ ಮೀನು ತಿಂದನೋ ಎಂದು ಹೇಳುತ್ತಾರೆ. ಸತ್ತವರ ಗುಟ್ಟು ಹೀಗೆ ರಟ್ಟಾಗುವುದನ್ನು ಎಲುಬಣ್ಣ ಇಪ್ಪತ್ತು ವರ್ಷದಿಂದ ಖುಷಿಯಾಗಿಯೇ ನೋಡುತ್ತ ಬಂದಿದ್ದ. ಬದುಕಿರುವವರ ಕಡೆಗೂ ಆ ಯಂತ್ರ ತಿರುಗೀತೆಂದು ಮಾತ್ರ ಅವನು ಎಣಿಸಿರಲಿಲ್ಲ.

ಎಂಟು ತಿಂಗಳ ಹಿಂದೆ ಅವನ ಕಾಲಿನ ಹೆಬ್ಬೆರಳು ಟೊಮೆಟೊ ಹಣ್ಣಿನಂತೆ ಊದಿಕೊಂಡಿತ್ತು. ಡಾಕ್ಟರು ನೋಡಿ, ಮೀನು ಮಾಂಸ ಎರಡನ್ನೂ ಕಣ್ಣಲ್ಲೂ ನೋಡಕೂಡದು ಎಂದರು. ಅದನ್ನು ಕೇಳಿ, ಪಥ್ಯ ನೋಡಿಕೊಳ್ಳಲು ಹದಿನೈದು ದಿನದ ಮಟ್ಟಿಗೆ ಅತ್ತೆ ಬಂದರು. ಬಂದವರು ಎಲುಬಣ್ಣನ ಕೋಣೆ ಹಿಡಿದರು, ಮಂಚ ಹಿಡಿದರು, ಕಿಟಕಿ ಪಕ್ಕದ ಒರಗು ಕುರ್ಚಿಯನ್ನೂ ಹಿಡಿದರು. ಎಲುಬಣ್ಣ ಅಡುಗೆಮನೆಯ ಓಣಿಯಲ್ಲಿ, ತಲೆಯನ್ನು ತರಕಾರಿ ಬುಟ್ಟಿಯ ಕಡೆಗೂ ಕಾಲನ್ನು ನೀರಿನ ಡ್ರಮ್ಮಿನ ಕಡೆಗೂ ಚಾಚಿ ಮಲಗತೊಡಗಿದ. ಹದಿನೈದು ದಿನ ಎಂಟು ತಿಂಗಳಾಯಿತು. ಬೆರಳು ಎಂದೋ ವಾಸಿಯಾಗಿ ತನ್ನ ಅಳತೆಗೆ ಮರಳಿತ್ತು. ಅತ್ತೆ ಮರಳಲಿಲ್ಲ. ದಿನವೂ ಸಂಜೆ ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಿ, ಒಂದ್ಸಲ ಉಸಿರು ಬಿಡಿ ನೋಡೋಣ ಅಳಿಯಂದ್ರೇ," ಎನ್ನುತ್ತಿದ್ದರು.

ಉಸಿರಿನಲ್ಲಿ ಅವರಿಗೆ ಲವಂಗದ ವಾಸನೆಯಷ್ಟೇ ಸಿಗುತ್ತಿತ್ತು. ಯಾಕೆಂದರೆ ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ವಾರಕ್ಕೆ ಮೂರು ದಿನ, ಮಧ್ಯಾಹ್ನ ಒಂದು ಗಂಟೆಗೆ, ಗೋಡೆಗೆ ಮುಖ ಮಾಡಿ ಕೂತು ಎರಡು ಮೀನಿನ ಕಟ್ಲೆಟ್ ತಿಂದ ಮೇಲೆ ಎಲುಬಣ್ಣ ನಾಲ್ಕು ಲವಂಗ ಜಗಿಯುತ್ತಿದ್ದ. ಕೈಗೆ ಎಲುಬು ತೊಳೆಯುವ ಸ್ಪಿರಿಟ್ ಹಚ್ಚಿಕೊಂಡರೆ ಬೆರಳುಗಳೂ ಬಾಯಿ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಮೀನು ತಿಂದರೂ ವಾಸಿಯಾದ ಬೆರಳನ್ನು ನೋಡಿ ಅವನಿಗೆ ಡಾಕ್ಟರ ವಿದ್ಯೆಯ ಮೇಲೇ ಅನುಮಾನ ಬಂದುಬಿಟ್ಟಿತ್ತು.

"ಒಳ್ಳೇದಾಯ್ತು," ಎಂದಳು ಹೆಂಡತಿ ಕಾಗದ ಮಡಿಸುತ್ತ. "ಪಥ್ಯದಲ್ಲಿದ್ದೀನಿ ಅಂತ ನೀವು ಹೇಳ್ತೀರ, ನನಗೆ ನಂಬಿಕೆ ಬರಲ್ಲ. ದಿನಾ ಜಗಳ. ಇವತ್ತು ಯಂತ್ರಾನೇ ಹೇಳ್ಲಿ. ನೀವು ಸಾಚಾ ಅಂತಾದ್ರೆ ಅಮ್ಮ ಭಾನುವಾರ ಅಣ್ಣನ ಮನೆಗೆ ಹೊರಡ್ತಾಳೆ. ನಿಮ್ಮ ಕೋಣೆ ನಿಮಗೆ, ನಿಮ್ಮ ಮಂಚ ನಿಮಗೆ."

"ಇಲ್ಲಾಂದ್ರೆ?" ಎಂದು ಎಲುಬಣ್ಣ ಕೇಳಬಾರದಿತ್ತು.

"ಇಲ್ಲಾಂದ್ರೆ ಅಂತ ಯಾಕೆ ಕೇಳ್ತೀರಿ?"

ಎಲುಬಣ್ಣ ತಟ್ಟೆಯ ಬ್ರೆಡ್ಡನ್ನು ಹಾಲಿಗೆ ಅದ್ದಿ ಬಾಯಿಗಿಟ್ಟುಕೊಂಡು ಉತ್ತರ ತಪ್ಪಿಸಿಕೊಂಡ. ವಿಚಿತ್ರವೆಂದರೆ, ಈ ಪರೀಕ್ಷೆಯ ಸುದ್ದಿ ಕೇಳಿ ಕುಣಿದಾಡಬೇಕಾಗಿದ್ದ ಅತ್ತೆ ಒರಗು ಕುರ್ಚಿಯಲ್ಲಿ ಮುಖ ಸಿಂಡರಿಸಿಕೊಂಡು ಕೂತಿದ್ದರು.

"ಕೂದಲು ಗೀದಲು ನೋಡಿ ಊಟ ಹೇಳ್ತಾರಂತಾ? ಯಂತ್ರ ಹೇಳಿದ್ದನ್ನೆಲ್ಲ ನಂಬೋಕಾಗುತ್ತಾ?" ಎಂದರು ಅವರು. "ಅಳಿಯಂದ್ರು ಪಾಪ, ಏನೋ ಒಂದಿಷ್ಟು ಹೆಚ್ಚುಕಮ್ಮಿ ಆಗಿರುತ್ತೆ. ನಾನು ಇನ್ನೊಂದಾರು ತಿಂಗಳು ನೋಡ್ಕೋತೀನಿ ಬಿಡು."

"ಅಣ್ಣನ ಮನೇಲಿ ನಿನ್ನ ಕೋಣೆಗೆ ಸುಣ್ಣ ಬಳಿಸಿ ಕಾಯ್ತಾ ಇದ್ದಾರಮ್ಮ."

"ನಿನ್ನ ಅತ್ತಿಗೆ ಇರೋ ಮನೇಲಿ ಮೊಟ್ಟೆ ಕೂಡ ಹೊಸಿಲು ದಾಟಲ್ಲ," ಎಂದು ಅತ್ತೆ ಗೊಣಗಿದರು. ಹಾಗೆಂದವರು ತಕ್ಷಣ ಸಾವರಿಸಿಕೊಂಡು, "ಒಳ್ಳೇದೇ ಅನ್ನು. ನಾನೂ ಇಲ್ಲಿಗೆ ಬಂದಾಗಿನಿಂದ ಮುಟ್ಟಿಲ್ಲ. ಮನೇಲೊಬ್ಬರು ಪಥ್ಯದಲ್ಲಿರುವಾಗ ನನ್ನ ಗಂಟಲಲ್ಲಿ ಮೀನು ಹೇಗೆ ಇಳಿಯುತ್ತೆ?" ಎಂದರು.

ಅತ್ತೆ ತನ್ನ ಪರ ಮಾತಾಡಿದ್ದು ಎಲುಬಣ್ಣನಿಗೆ ಹೊಸ ಅನುಭವ. ಏನೋ ಮಸಲತ್ತಿರಬೇಕು ಎಂದುಕೊಂಡೇ ಅವನು ಮನೆ ಬಿಟ್ಟ.

ಒಂಬತ್ತೂವರೆಗೆ ಪ್ರಯೋಗಾಲಯದಲ್ಲಿ ಎಂಟು ಜನ ಸಿಬ್ಬಂದಿ ಸಾಲಾಗಿ ನಿಂತರು. ಕತ್ತರಿ ಹಿಡಿದು ಬಂದವನು ತಕ್ಕಡಿ. ಇದೂ ಅಡ್ಡಹೆಸರೇ. ಮಾದರಿಗಳನ್ನು ಗ್ರಾಮಿನ ಸಾವಿರದ ಒಂದು ಪಾಲಿನವರೆಗೆ ತೂಗುವುದು ಅವನ ಕೆಲಸ, ಅದೇ ತಕ್ಕಡಿಯಲ್ಲಿ ಸಹೋದ್ಯೋಗಿಗಳ ಮಾತನ್ನೂ ತೂಗುವುದು ಅವನ ಹವ್ಯಾಸ. ಒಮ್ಮೆ ಐದು ಸಾವಿರ ವರ್ಷದ ಹಲ್ಲೊಂದು ಕಸದ ಡಬ್ಬಿ ಸೇರಿ ಪಾರಾದ ಮೇಲೆ ಅವನಿಗೆ ಲೋಕದಲ್ಲಿ ಯಾರ ಮೇಲೂ ಭರವಸೆ ಉಳಿದಿರಲಿಲ್ಲ.

"ಯಾಕೆ ಎಲುಬಣ್ಣ, ಕತ್ತು ಬೆವರ್ತಾ ಇದೆ?" ಎಂದ ತಕ್ಕಡಿ, ಹಿಂದಲೆಯಿಂದ ಒಂದು ಚಿಟಿಕೆ ಕೂದಲು ಕತ್ತರಿಸುತ್ತ.

"ಸೆಖೆ."

"ಫ್ಯಾನು ನೇರ ನಿನ್ನ ಮೇಲೇ ಇದೆಯಲ್ಲ."

ಎಲುಬಣ್ಣನ ಕೂದಲು ಏಳನೇ ನಂಬರಿನ ಪೊಟ್ಟಣ ಸೇರಿತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಎಲ್ಲರಿಗೂ ಕೇಳುವಂತೆ ವಿವರಿಸಿದರು. ಎಲುಬನ್ನಾದರೆ ವಾರಗಟ್ಟಲೆ ಆಸಿಡ್‌ನಲ್ಲಿ ನೆನೆಸಬೇಕು, ಕೂದಲಿಗೆ ಆ ರಗಳೆಯಿಲ್ಲ. ತೊಳೆದು, ಒಣಗಿಸಿ, ತೂಗಿ ಯಂತ್ರಕ್ಕೆ ಹಾಕಿದರೆ ಹತ್ತು ನಿಮಿಷಕ್ಕೊಬ್ಬರ ಬಣ್ಣ ಬಯಲು. ಕೂದಲು ತಿಂಗಳಿಗೆ ಅರ್ಧ ಅಂಗುಲಕ್ಕೆ ತುಸು ಕಡಿಮೆ ಬೆಳೆಯುತ್ತದೆ, ಹಾಗಾಗಿ ಬುಡದಿಂದ ಒಂದೂಕಾಲು ಅಂಗುಲದಲ್ಲಿ ಮೂರು ತಿಂಗಳ ಊಟ ಬರೆದಿಟ್ಟ ಹಾಗೆ ಇರುತ್ತದೆ. "ಮೀನು ತಿಂದ್ರೆ ಅಡಗಿಸೋಕೆ ಸಾಧ್ಯವೇ ಇಲ್ಲ," ಎಂದರು ಮೇಡಂ, ಬಹಳ ಹೆಮ್ಮೆಯಿಂದ. ಎಲುಬಣ್ಣ ಲವಂಗಕ್ಕಾಗಿ ಜೇಬು ತಡಕಿದ.

ಆದರೆ ತೊಳೆಯುವ ಕೆಲಸ ಅವನದೇ. ಎಂಟೂ ಪೊಟ್ಟಣ ಅವನ ಕೋಣೆಗೇ ಬಂದವು. ಹನ್ನೆರಡು ಗಂಟೆಯೊಳಗೆ ತೊಳೆದು ಒಣಗಿಸಿ ತಕ್ಕಡಿಗೆ ಒಪ್ಪಿಸಬೇಕು. ಬಾಗಿಲು ಮುಂದೆ ಮಾಡಿ ಎಲುಬಣ್ಣ ಏಳನೇ ಪೊಟ್ಟಣವನ್ನು ನೋಡುತ್ತ ಕೂತ. ಒಳಗಿದ್ದ ತನ್ನದೇ ಕೂದಲು ಅವನಿಗೆ ಚಾಡಿಕೋರನಂತೆ ಕಂಡಿತು. ಇದನ್ನು ತೆಗೆದು ಬೇರೆಯವರ ಕೂದಲು ಇಟ್ಟರೆ? ಯಾರದ್ದು? ವಾಚ್‌ಮನ್ ದಿನಕ್ಕೆರಡು ಹೊತ್ತು ಮಾಂಸ ಬಿಟ್ಟವನಲ್ಲ. ಹೆಂಡತಿ ಮೊನ್ನೆ ತಂಗಿಯ ಮನೆಯಲ್ಲಿ ಏನು ತಿಂದು ಬಂದಳೋ ಯಾರಿಗೆ ಗೊತ್ತು. ತಾನೇ ಕಣ್ಣಾರೆ ಕಂಡಂತೆ ಎಂಟು ತಿಂಗಳಿಂದ ಮೀನು ಮುಟ್ಟದವರು, ಕರಿಬಿಳಿ ಬೆರೆತ ಕೂದಲು ತನ್ನಂತೆಯೇ ಇರುವವರು ಅಂದರೆ ಲೋಕದಲ್ಲಿ ಒಬ್ಬರೇ. ಅತ್ತೆ.

ಅತ್ತೆಯ ಸಾಚಾತನದಿಂದಲೇ ಅತ್ತೆಯನ್ನು ಮನೆಯಿಂದ ಸಾಗಹಾಕುವ ಈ ಉಪಾಯ ಹೊಳೆದಾಗ ಎಲುಬಣ್ಣನಿಗೆ ತನ್ನ ಬುದ್ಧಿಯ ಮೇಲೆ ಗೌರವವೇ ಬಂತು. ಕನ್ನಡಕ ಮರೆತೆನೆಂದು ವಾಚ್‌ಮನ್‌ಗೆ ಹೇಳಿ, ಮೂಗಿನ ಮೇಲಿದ್ದ ಕನ್ನಡಕವನ್ನು ಗೇಟು ದಾಟಿದ ಮೇಲೆ ಜೇಬಿಗೆ ಹಾಕಿಕೊಂಡು ಮನೆಯ ಕಡೆ ಓಡಿದ.

ಮನೆ ಮಹಡಿಯ ಮೇಲೆ. ಮೆಟ್ಟಿಲ ಬುಡದಲ್ಲಿ ದರ್ಜಿಯ ಅಂಗಡಿ. ದರ್ಜಿಯ ಮಿಷನ್ ಮೆಟ್ಟಿಲಿಗೆ ಎದುರಾಗಿಯೇ ಇರುವುದರಿಂದ ಆ ಕಟ್ಟಡದಲ್ಲಿ ಯಾರು ಯಾವಾಗ ಹತ್ತಿದರು ಇಳಿದರು ಎಂಬುದು ಅವನಿಗೆ ಹೊಲಿಗೆಗಿಂತ ಚೆನ್ನಾಗಿ ಗೊತ್ತು.

"ಏನ್ ಸಾರ್, ಇಷ್ಟು ಬೇಗ?"

"ಕನ್ನಡಕ ಮರೆತೆ."

"ಬೆಳಿಗ್ಗೆ ಹೋಗುವಾಗ ಹಾಕ್ಕೊಂಡಿದ್ರಿ."

ಎಲುಬಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೇರಿದ. ಹೆಂಡತಿ ತರಕಾರಿಗೆ ಹೋಗಿದ್ದಳು. ಅತ್ತೆ ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಕಿಟಕಿಯ ಸಂದಿಗೆ ಸಿಕ್ಕಿಸುವುದು ಅವರ ಅಭ್ಯಾಸ. ಎಲುಬಣ್ಣ ಒರಗು ಕುರ್ಚಿಯ ಮೇಲೆ ಹತ್ತಿ ಆ ಉಂಡೆಗೆ ಕೈ ಹಾಕಿದ. ಅವಸರದಲ್ಲಿ ಮೊಣಕೈ ತಗುಲಿ ಕಿಟಕಿಯ ಬಾಗಿಲು ಪೂರ್ತಿ ತೆರೆದುಕೊಂಡಿತು. ಕೆಳಗೆ, ಎಳೆದ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡ ದರ್ಜಿ ಅಂಗಡಿಯ ಹೊರಗೆ ಬಂದು ಕತ್ತೆತ್ತಿ ನೋಡುತ್ತಿದ್ದ. ಇಬ್ಬರ ಕಣ್ಣು ಕೂಡಿತು. ಎಲುಬಣ್ಣನ ಮುಷ್ಟಿಯಿಂದ ಅತ್ತೆಯ ಉದ್ದನೆಯ ಒಂದೆಳೆ ಗಾಳಿಗೆ ತೇಲುತ್ತಿತ್ತು.

ಇಳಿದು ಬರುವಾಗ ದರ್ಜಿ ದಾರಿಗೆ ಅಡ್ಡ ನಿಂತ. ಅವನ ದನಿ ತಗ್ಗಿತ್ತು.

"ಸಾರ್, ತಪ್ಪು ತಿಳೀಬೇಡಿ. ಹೆಂಗಸರ ತಲೆಗೂದಲು ಕದ್ಕೊಂಡು ಹೋಗೋದು ಯಾವುದಕ್ಕೆ ಅಂತ ನನಗೂ ಗೊತ್ತಿದೆ. ಅತ್ತೆ ಅಳಿಯ ಅಂದ್ಮೇಲೆ ಮಾತು ಬರುತ್ತೆ ಹೋಗುತ್ತೆ. ಅದಕ್ಕೆ ಮಾಟ ಮಂತ್ರಕ್ಕೆಲ್ಲ ಕೈ ಹಾಕಬಾರದು."

"ಮಾಟಾನೂ ಇಲ್ಲ, ಮಂತ್ರಾನೂ ಇಲ್ಲ. ಇದು ವಿಜ್ಞಾನ ಕಣಯ್ಯ."

"ಎಲ್ಲರೂ ಹಾಗೇ ಅನ್ನೋದು," ಎಂದ ದರ್ಜಿ. ಅವನ ಮುಖ ನೋಡಿದರೆ ಈ ಸುದ್ದಿ ಅವನ ಹೊಟ್ಟೆಯಲ್ಲಿ ಮಧ್ಯಾಹ್ನದವರೆಗೂ ಉಳಿಯುವಂತೆ ಕಾಣಲಿಲ್ಲ.

ಕೋಣೆಗೆ ಬಂದ ಎಲುಬಣ್ಣ ತನ್ನ ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಆ ಉಂಡೆಯ ಮೇಲೆ ಸುರಿದ. ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಬಿಡಿಸಿದ. ಬುಡ ಯಾವುದು ತುದಿ ಯಾವುದು ಎಂದು ಗುರುತಿಸಿ, ಬುಡದ ಕಡೆಯಿಂದ ಸರಿಯಾಗಿ ಒಂದೂಕಾಲು ಅಂಗುಲ ಕತ್ತರಿಸಿದ. ಎರಡು ಸಲ ತೊಳೆದ. ಯಾವ ಅಸ್ಥಿಪಂಜರಕ್ಕೂ ಅವನು ಇಷ್ಟು ನಿಯತ್ತಿನಿಂದ ದುಡಿದಿರಲಿಲ್ಲ. ತನ್ನ ಸ್ವಂತ ಕೂದಲನ್ನು ಒಂದು ಟಿಶ್ಯೂ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಅತ್ತೆಯದನ್ನು ಏಳನೇ ಪೊಟ್ಟಣಕ್ಕೆ ತುಂಬಿದ.

ತಕ್ಕಡಿ ಆ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದ. "ನಿನ್ನ ಕೂದಲು ಇಷ್ಟು ತೆಳ್ಳಗಿತ್ತಾ?"

"ಸಂಸಾರದ ಚಿಂತೆ."

"ಬೆಳಿಗ್ಗೆಯಿಂದ ಈಚೆಗೆ ಬಂದ ಚಿಂತೆಯಾ?"

"ಇವತ್ತಿನದು ಸ್ವಲ್ಪ ಜಾಸ್ತಿ," ಎಂದ ಎಲುಬಣ್ಣ, ನಿಜವನ್ನೇ ಹೇಳುತ್ತ.

ತಕ್ಕಡಿ ಹುಬ್ಬೇರಿಸಿಕೊಂಡೇ ಪೊಟ್ಟಣಗಳನ್ನು ಒಯ್ದ. ಗಂಡಾಂತರ ಕಳೆಯಿತೆಂದು ಎಲುಬಣ್ಣ ಕ್ಯಾಂಟೀನಿಗೆ ಹೋಗಿ, ಗೋಡೆಗೆ ಮುಖ ಮಾಡುವ ಎಚ್ಚರಿಕೆಯನ್ನೂ ಬಿಟ್ಟು, ಎರಡರ ಬದಲು ಮೂರು ಮೀನಿನ ಕಟ್ಲೆಟ್ ತಿಂದ. ಬಿಸಿಬಿಸಿ, ಗರಿಗರಿ. ಬಾಯಿತುಂಬ ಮೀನಿನ ಘಮ. ಇಂಥ ಮೀನನ್ನು ಯಾರ ಭಯವೂ ಇಲ್ಲದೆ ತಿನ್ನುವ ದಿನ ಬಂತೆಂದು ಅವನ ಕಣ್ಣು ತುಸು ಒದ್ದೆಯಾಯಿತು. ಕ್ಯಾಂಟೀನಿನವ ಮಾತ್ರ ಎಂದಿನಂತೆ ಅವನ ಕಣ್ಣು ತಪ್ಪಿಸಿ ಟೇಬಲ್ ಒರೆಸುತ್ತಿದ್ದ.

ಐದು ಗಂಟೆಗೆ ಹಾಲ್ ತುಂಬಿತು. ಎಲುಬಣ್ಣನ ಹೆಂಡತಿ ಮೊದಲ ಸಾಲಿನಲ್ಲಿ ಜಾಗ ಹಿಡಿದಿದ್ದಳು. ಪಕ್ಕದಲ್ಲಿ ಅತ್ತೆ. ಸೆಖೆಯಲ್ಲೂ ಅವರು ತಲೆಗೆ ಕಿವಿ ಮುಚ್ಚುವಂತೆ ಶಾಲು ಸುತ್ತಿಕೊಂಡಿದ್ದರು. ಅವರ ಹಿಂದೆ, ಯಾರೂ ಕರೆಯದೆ ಬಂದ ದರ್ಜಿ ಕೂತಿದ್ದ. ಎಲುಬಣ್ಣನಿಗೆ ಅರ್ಥವಾಯಿತು, ಸುದ್ದಿ ಮಹಡಿ ಹತ್ತಿದೆ.

ಮೇಡಂ ಮೊದಲು ಗಾಜಿನ ಪೆಟ್ಟಿಗೆಯಲ್ಲಿದ್ದ ಒಂದು ಅಸ್ಥಿಪಂಜರ ತೋರಿಸಿದರು. ನದಿಯ ತಿರುವಿನಲ್ಲಿದ್ದ ಬೆಸ್ತರ ಸ್ಮಶಾನದಲ್ಲಿ ಸಿಕ್ಕ ಮುದುಕಿ.

"ಈಕೆಯ ಕಿವಿಮೂಳೆ ನೋಡಿದ್ರೆ ಬೆಟ್ಟದ ಮೇಲಿನ ಜನರ ವಂಶ," ಎಂದರು ಮೇಡಂ. "ಹಲ್ಲು ರೂಪುಗೊಳ್ಳೋದು ಚಿಕ್ಕಂದಿನಲ್ಲಿ. ಹಲ್ಲಿನ ಪ್ರಕಾರ ಬೆಳೆದಿದ್ದೆಲ್ಲ ಕಾಳು ತಿಂದು. ಆದ್ರೆ ಪಕ್ಕೆಲುಬು ಬದುಕಿನ ಕೊನೇ ವರ್ಷಗಳ ಊಟ ಹೇಳುತ್ತೆ. ಅದರಲ್ಲಿ ತುಂಬ ಮೀನು. ಅಂದ್ರೆ ವಯಸ್ಸಾದ್ಮೇಲೆ ಎಲ್ಲಿಂದಲೋ ಇಲ್ಲಿಗೆ ಬಂದು, ಚೆನ್ನಾಗಿ ಮೀನು ತಿಂದಿದ್ದಾಳೆ."

"ತಿಂದ್ರೆ ತಿಂದ್ಲು ಬಿಡಿ ಪಾಪ," ಎಂದರು ಅತ್ತೆ ಗಟ್ಟಿಯಾಗಿ. "ಸತ್ತ ಮೇಲೂ ಲೆಕ್ಕ ಕೇಳ್ಬೇಕಾ?" ಸಭೆ ನಕ್ಕಿತು. ಅತ್ತೆ ನಗಲಿಲ್ಲ.

ಆಮೇಲೆ ಪರದೆಯ ಮೇಲೆ ಒಂದು ಏಣಿಯ ಚಿತ್ರ ಬಂತು. ಕೆಳಗಿನ ಮೆಟ್ಟಿಲಲ್ಲಿ ಸೊಪ್ಪು ಕಾಳು ತಿಂದ ಹಳೆಯ ಕಾಲದ ರೈತ, ಮೇಲಿನ ಮೆಟ್ಟಿಲಲ್ಲಿ ಮೀನನ್ನೇ ಉಂಡು ಮಲಗಿದ ಬೆಸ್ತ. ನಡುವೆ ಎಂಟು ಜನ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ನಿಲ್ಲಿಸುತ್ತ ಹೋದರು. ವಾಚ್‌ಮನ್ ನಿರೀಕ್ಷೆಯಂತೆ ಮೇಲಿದ್ದ. ಸಕ್ಕರೆ ಬಿಟ್ಟು ವರ್ಷವಾಯಿತೆನ್ನುವ ಮೇಡಂ ಕೂದಲಿನಲ್ಲೇ ಕಬ್ಬು ಸಿಕ್ಕಿತು. ಅದನ್ನು ಅವರು ಕೆಮ್ಮುತ್ತ ದಾಟಿಸಿದರು.

"ಏಳನೇ ನಂಬರ್. ನಮ್ಮ ಎಲುಬಣ್ಣ."

ಎಲುಬಣ್ಣ ಎದೆ ಸೆಟೆಸಿ ಹೆಂಡತಿಯ ಕಡೆ ನೋಡಿದ. ಏಳನೇ ಚುಕ್ಕೆ ಏಣಿಯ ಬುಡದಲ್ಲಿ ಹುಟ್ಟಿ ಮೇಲೇರತೊಡಗಿತು. ರೈತನನ್ನು ದಾಟಿತು. ತಕ್ಕಡಿಯನ್ನು ದಾಟಿತು. ವಾಚ್‌ಮನ್‌ನನ್ನೂ ದಾಟಿ, ಬೆಸ್ತನ ಪಕ್ಕಕ್ಕೆ ಹೋಗಿ, ಅವನಿಗಿಂತ ಒಂದು ಕೂದಲೆಳೆ ಮೇಲೆ ನಿಂತುಕೊಂಡಿತು.

"ಇಷ್ಟು ಮೀನು ತಿನ್ನೋರನ್ನ ನಾನು ಎಲುಬಿನಲ್ಲೂ ನೋಡಿಲ್ಲ," ಎಂದರು ಮೇಡಂ ಬೆರಗಾಗಿ. "ವಾರದಲ್ಲಿ ಒಂದೆರಡು ದಿನ ಅಲ್ಲ. ಬಹುತೇಕ ದಿನಾ."

ಹಾಲ್ ಗೊಳ್ಳೆಂದಿತು. ಹೆಂಡತಿ ನಗಲೂ ಇಲ್ಲ, ಬೈಯಲೂ ಇಲ್ಲ. ಸುಮ್ಮನೆ ಕೈಚೀಲವನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡಳು. ಎಲುಬಣ್ಣನಿಗೆ ಅದನ್ನು ನೋಡಿ ನಿಜಕ್ಕೂ ದುಃಖವಾಯಿತು. ತಾನು ಮೋಸಹೋದೆನೆಂದು ಅವಳು ಅಂದುಕೊಂಡಿದ್ದಳು, ಅದು ಸುಳ್ಳೂ ಅಲ್ಲ.

ಆದರೆ ದುಃಖದ ಹಿಂದೆಯೇ ಅವನ ತಲೆಯಲ್ಲಿ ಬೇರೊಂದು ದೀಪ ಹತ್ತಿಕೊಂಡಿತು. ಆ ಕೂದಲು ತನ್ನದಲ್ಲ. ಅವನು ನಿಧಾನವಾಗಿ ಅತ್ತೆಯ ಕಡೆ ತಿರುಗಿದ. ಅತ್ತೆ ಶಾಲನ್ನು ಹಣೆಯವರೆಗೆ ಎಳೆದುಕೊಂಡು ಗಾಜಿನ ಪೆಟ್ಟಿಗೆಯ ಮುದುಕಿಯನ್ನು ಆಸಕ್ತಿಯಿಂದ ನೋಡುತ್ತಿದ್ದರು.

ಹಿಂದಿನ ಸಾಲಿನಿಂದ ದರ್ಜಿ ಎದ್ದ. ಎಲುಬಣ್ಣನಿಗೆ ಹೋದ ಜೀವ ಬಂದಂತಾಯಿತು. ಬೆಳಿಗ್ಗೆ ಶನಿಯಂತೆ ಕಂಡವನು ಈಗ ಆಪದ್ಬಾಂಧವನಾಗಿ ನಿಂತಿದ್ದ.

"ಅಮ್ಮಾವ್ರೇ, ಬೆಳಿಗ್ಗೆ ನಾನು ನಿಮಗೆ ಹೇಳಿದ್ನಲ್ಲ, ಅಳಿಯಂದ್ರು ಕಿಟಕಿಯಿಂದ ನಿಮ್ಮ..."

"ನನ್ನ ಕೋಟಿನ ತೋಳು ಹೊಲಿದು ಮುಗಿಸಿದ್ಯೇನಪ್ಪಾ?" ಎಂದರು ಅತ್ತೆ, ತಿರುಗದೆಯೇ.

"ಇಲ್ಲ, ಆದ್ರೆ..."

"ಮೂರು ವಾರ ಆಯ್ತು. ಅಂಗಡಿ ಬಿಟ್ಟು ಇಲ್ಲಿ ಬಂದು ಕೂತಿದ್ದೀಯ. ನಾಳೆ ಬೆಳಿಗ್ಗೆ ಕೋಟು ಬರದಿದ್ರೆ ಬಟ್ಟೆ ವಾಪಸ್ ಕೊಟ್ಬಿಡು."

ದರ್ಜಿ ಕೂತ. ಅತ್ತೆ ಆಗ ಮಾತ್ರ ಅಳಿಯನ ಕಡೆ ತಿರುಗಿದರು. ಎಲ್ಲ ಗೊತ್ತಾದವರು ಎಲ್ಲ ಗೊತ್ತಾದವರನ್ನು ನೋಡುವ ನೋಟ ಅದು. ಬಾಯಿ ಬಿಟ್ಟರೆ ಕೂದಲು ಕದ್ದವನು ಯಾರೆಂದು ಮೊದಲು ಹೊರಗೆ ಬರುತ್ತದೆ ಎಂದು ಆ ನೋಟ ಸ್ಪಷ್ಟವಾಗಿ ಹೇಳಿತು.

ಅಷ್ಟರಲ್ಲಿ ತಕ್ಕಡಿ ಮುಂದೆ ಬಂದ. ಕೈಯಲ್ಲಿ ಒಂದು ಟಿಶ್ಯೂ ಕಾಗದವಿತ್ತು.

"ಮೇಡಂ, ಎಂಟು ಜನ, ಎಂಟು ಪೊಟ್ಟಣ. ಆದ್ರೆ ತೊಳೆಯೋ ಕೋಣೆಯ ಕಸದ ಡಬ್ಬೀಲಿ ಇದು ಸಿಕ್ತು. ಒಂಬತ್ತನೇ ಕೂದಲು. ನನಗೆ ಅನುಮಾನ ಬಂತು, ಇದನ್ನೂ ತೊಳೆದು ತೂಗಿ ಯಂತ್ರಕ್ಕೆ ಹಾಕಿದೆ." ಅವನು ಏಣಿಯ ಮೇಲೆ ಹೊಸ ಚುಕ್ಕೆ ಇಟ್ಟ. ಅದು ರೈತನಿಗಿಂತಲೂ ಕೆಳಗೆ, ನೆಲಕ್ಕೆ ಅಂಟಿಕೊಂಡಂತೆ ನಿಂತಿತು. "ಈ ಮನುಷ್ಯ ಯಾರೋ, ಮೂರು ತಿಂಗಳಿಂದ ಮೀನಿನ ಒಂದು ಮುಳ್ಳೂ ಬಾಯಿಗೆ ಹಾಕಿಲ್ಲ. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಬರೀ ಆಲೂಗಡ್ಡೆ, ಬ್ರೆಡ್ಡು, ಸೊಪ್ಪು."

ಎಲುಬಣ್ಣ ಆ ಚುಕ್ಕೆಯನ್ನು ಕನ್ನಡಕ ತೆಗೆದೂ ನೋಡಿದ, ಹಾಕಿಕೊಂಡೂ ನೋಡಿದ. ಅದು ಅವನದೇ ಕೂದಲು, ಸಂಶಯವೇ ಇಲ್ಲ. ಹಾಗಾದರೆ ವಾರಕ್ಕೆ ಮೂರು ದಿನ, ಗೋಡೆಗೆ ಮುಖ ಮಾಡಿ, ಕಳ್ಳನಂತೆ ತಿಂದದ್ದು ಎಲ್ಲಿಗೆ ಹೋಯಿತು?

ಚಹದ ತಟ್ಟೆ ಹಿಡಿದು ಬಂದ ಕ್ಯಾಂಟೀನಿನವ ಅವನ ಮುಂದೆ ನಿಂತು, ತಲೆ ತಗ್ಗಿಸಿ ಪಿಸುಗುಟ್ಟಿದ. "ಕ್ಷಮಿಸಿ ಸಾರ್. ಇಷ್ಟು ದಿನ ಹೇಳೋಕಾಗ್ಲಿಲ್ಲ."

"ಏನು?"

"ನಿಮ್ಮದು ಆಲೂಗಡ್ಡೆ ಕಟ್ಲೆಟ್ ಸಾರ್. ಮೀನು ಕರಿದ ಎಣ್ಣೇಲಿ ಕರೀತಿದ್ದೆ, ವಾಸನೆಗೆ. ಎಂಟು ತಿಂಗಳ ಹಿಂದೆ ನಿಮ್ಮ ಅತ್ತೆ ಬಂದು ನನ್ನನ್ನ ಹಿಡಿದ್ರು. 'ಅಳಿಯಂದ್ರಿಗೆ ಮೀನು ಕೊಟ್ಟು ಕಾಲು ಕೆಡಿಸಿದ್ರೆ ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ. ಬೇಡ ಅಂದ್ರೆ ಬೇರೆ ಕಡೆ ತಿಂತಾರೆ, ಗೊತ್ತಾಗದ ಹಾಗೆ ಆಲೂಗಡ್ಡೆ ಕೊಡು' ಅಂದ್ರು."

ಎಲುಬಣ್ಣನ ಕಣ್ಣು ಹೆಬ್ಬೆರಳಿನ ಕಡೆಗೆ ಹೋಯಿತು. ಡಾಕ್ಟರ ವಿದ್ಯೆ ಸುಳ್ಳಾಗಿರಲಿಲ್ಲ.

"ಮತ್ತೆ ನನ್ನ ಪಾಲಿನ ಮೀನು?"

"ಅದನ್ನ ವ್ಯರ್ಥ ಮಾಡಬಾರದು ಅಂತ ಅವರೇ ಸಂಜೆ ವಾಕಿಂಗ್ ಬಂದಾಗ ತಿಂದು ಹೋಗ್ತಿದ್ರು. ಮೊದಲು ವಾರಕ್ಕೆ ಮೂರು ದಿನ. ಆಮೇಲೆ ಅವರಿಗೂ ರುಚಿ ಹತ್ತಿಬಿಡ್ತು, ಸಾರ್."

ಈಗ ಎಲುಬಣ್ಣನ ಕೈಗೆ ಸತ್ಯ ಇಡಿಯಾಗಿ ಸಿಕ್ಕಿತ್ತು. ಪಥ್ಯ ಮುರಿಯಲಿಲ್ಲ, ಬೆರಳು ವಾಸಿಯಾಗಿದೆ, ಯಂತ್ರವೇ ಸಾಕ್ಷಿ. ಎದ್ದು ನಿಂತು ಆ ಒಂಬತ್ತನೇ ಕೂದಲು ನನ್ನದು ಎಂದರೆ ಸಾಕು, ಭಾನುವಾರ ಮಂಚ ಅವನದು. ಅವನು ಗಂಟಲು ಸರಿಮಾಡಿಕೊಂಡು ಎದ್ದ.

"ಒಂದು ಮಾತು ಎಲ್ಲರಿಗೂ ಹೇಳ್ತೀನಿ," ಎಂದರು ಮೇಡಂ. ಅವರ ದನಿ ಇದ್ದಕ್ಕಿದ್ದಂತೆ ಗಟ್ಟಿಯಾಗಿತ್ತು. "ಈ ಒಂಬತ್ತನೇ ಕೂದಲು ಯಾರದ್ದು ಅಂತ ಗೊತ್ತಾಗಲೇಬೇಕು. ನಮ್ಮಲ್ಲಿ ಯಾರಾದ್ರೂ ಮಾದರಿ ಅದಲುಬದಲು ಮಾಡಿದ್ರೆ ಇಪ್ಪತ್ತು ವರ್ಷದ ಎಲುಬಿನ ಕೆಲಸವನ್ನೇ ಯಾರೂ ನಂಬಲ್ಲ. ಅಂಥವರು ನಾಳೆಯಿಂದ ಈ ಕಟ್ಟಡದೊಳಗೆ ಕಾಲಿಡೋ ಹಾಗಿಲ್ಲ." ಅವರು ಎದ್ದು ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನೋಡಿದರು. "ಏನು ಎಲುಬಣ್ಣ, ನೀವೇನಾದ್ರೂ ಹೇಳ್ಬೇಕಾ?"

ತಕ್ಕಡಿ ಕತ್ತು ಮುಂದೆ ಚಾಚಿದ. ದರ್ಜಿ ಉಸಿರು ಬಿಗಿಹಿಡಿದ. ಅತ್ತೆಯ ಕೈ ಶಾಲಿನ ಅಂಚಿನ ಮೇಲೆ ಹಾಗೆಯೇ ನಿಂತಿತು.

"ಚಹಾ," ಎಂದ ಎಲುಬಣ್ಣ. "ಚಹಾ ತಗೊಳ್ಳೋಣ ಅಂತ ಎದ್ದೆ."

ಸಭೆ ಮುಗಿದು ಜನ ಚದುರತೊಡಗಿದರು. ಅತ್ತೆ ಮಗಳ ಹೆಗಲ ಮೇಲೆ ಕೈಯಿಟ್ಟು, "ಅಣ್ಣನಿಗೆ ಫೋನ್ ಮಾಡಿ ಹೇಳ್ಬಿಡು. ಇವರನ್ನ ಈ ಸ್ಥಿತೀಲಿ ಬಿಟ್ಟು ನಾನು ಹೇಗೆ ಹೋಗ್ಲಿ? ಇನ್ಮೇಲೆ ದಿನಾ ಸಂಜೆ ನಾನೇ ಈ ಕಡೆ ಬಂದು ಕ್ಯಾಂಟೀನಿನ ಮೇಲೆ ಒಂದು ಕಣ್ಣಿಡ್ತೀನಿ," ಎಂದರು.

ಹೆಂಡತಿಯ ಕಿವಿ ಅತ್ತ ಇರಲಿಲ್ಲ. ಅವಳು ಪರದೆಯ ಮುಂದೆ ನಿಂತು, ಏಣಿಯ ಬುಡದಲ್ಲಿ ಒಂಟಿಯಾಗಿ ಮಿನುಗುತ್ತಿದ್ದ ಆ ಹೆಸರಿಲ್ಲದ ಚುಕ್ಕೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲೇ ನಿಂತಿದ್ದ ಗಂಡನ ಕಡೆ ತಿರುಗಿಯೂ ನೋಡದೆ ನಿಟ್ಟುಸಿರು ಬಿಟ್ಟಳು.

"ಯಾವ ಪುಣ್ಯವಂತೆಯ ಗಂಡನೋ."